ಮ್ಯಾನಿಫೋಲ್ಡ್ ಕೊಳ್ಳುವ ಮುಂಚೆ ಮುಳ್ಳು ಎಲ್ಲಿ ಓಡಾಡುತ್ತದೆ ನೋಡಿ

ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪುಗಳ ಜೋಡಣೆ, ಬದಲಿಸಬೇಕು ಅಂತ ಮನಸ್ಸು ಮಾಡಿದ್ದೀರಾ? ದುಡ್ಡು ಸ್ವಲ್ಪ ದಿನ ಜೇಬಿನಲ್ಲೇ ಇರಲಿ. ಮೊದಲು ಒಂದು ಮೊಬೈಲು, ಒಂದು ನೋಟ್‌ಬುಕ್ಕು ತಗೊಳ್ಳಿ. ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) ಕಾಣುವ ಹಾಗೆ, ಸ್ಟೀರಿಂಗಿಗೆ ಅಡ್ಡ ಬರದ ಹಾಗೆ ಮೊಬೈಲು ಕೂರಿಸಿ ವಿಡಿಯೋ ಹಚ್ಚಿಡಿ. ದಿನಾ ಓಡಾಡುವ ದಾರಿಯಲ್ಲಿ, ದಿನಾ ಓಡಿಸುವ ಹಾಗೇ ಒಂದು ಗಂಟೆ ಓಡಿಸಿ. ಮನೆಗೆ ಬಂದ ಮೇಲೆ ಹತ್ತು ಸೆಕೆಂಡಿಗೊಮ್ಮೆ ವಿಡಿಯೋ ನಿಲ್ಲಿಸಿ, ಮುಳ್ಳು ಎಲ್ಲಿತ್ತು ಅಂತ ಒಂದೊಂದು ಗೆರೆ ಹಾಕುತ್ತಾ ಹೋಗಿ. ಗಂಟೆಗೆ 360 ಗೆರೆ. ಸಾವಿರದಿಂದ ಎರಡು ಸಾವಿರಕ್ಕೆ ಎಷ್ಟು, ಎರಡರಿಂದ ಮೂರಕ್ಕೆ ಎಷ್ಟು, ಐದರ ಮೇಲೆ ಎಷ್ಟು. ಕಾಲಂ ಮಾಡಿ ಎಣಿಸಿ.

ಬಳ್ಳಾರಿಯಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಈ ಗೆರೆ ಲೆಕ್ಕವನ್ನು ಬಹಳ ಹುಡುಗರ ಕೈಲಿ ಮಾಡಿಸಿದ್ದೇನೆ. ಹೆಚ್ಚು ಪಾಲು ಗೆರೆಗಳೆಲ್ಲ ಎರಡರಿಂದ ಮೂರೂವರೆ ಸಾವಿರದ ಒಳಗೇ ಬಿದ್ದಿರುತ್ತವೆ. ಐದು ಸಾವಿರದ ಮೇಲಿನವನ್ನು ಕೈಬೆರಳಲ್ಲಿ ಎಣಿಸಬಹುದು. ಮ್ಯಾನಿಫೋಲ್ಡ್ ಆರಿಸಬೇಕಾದದ್ದು ಆ ಹೆಚ್ಚು ಗೆರೆಗಳಿಗೆ. ಉಳಿದದ್ದೆಲ್ಲ ಆಮೇಲೆ.

ನಾನು ಇದನ್ನು ಕಲಿತದ್ದು ನನ್ನ ಸ್ವಂತ ಮಾರುತಿ ಎಸ್ಟೀಮ್ ಕಾರಿನ ಮೇಲೆ, 2009ರಲ್ಲಿ. 1,298 ಸಿಸಿ, 16 ವಾಲ್ವ್, 85 ಬಿಎಚ್‌ಪಿ ಎಂಜಿನ್ನು. ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಪೈಪು ವೆಲ್ಡ್ ಮಾಡಿಸಿ ಗಿಡ್ಡ, ದಪ್ಪ ರನ್ನರಿನ (ಒಂದೊಂದು ಸಿಲಿಂಡರಿಗೆ ಗಾಳಿ ಒಯ್ಯುವ ಪೈಪಿನ) ಮ್ಯಾನಿಫೋಲ್ಡ್ ಹಾಕಿಸಿದೆ. ಸದ್ದು ಅದ್ಭುತ. ಐದು ಸಾವಿರ ದಾಟಿದರೆ ಗಾಡಿ ನಿಜವಾಗಲೂ ಹಾರುತ್ತಿತ್ತು. ಒಂದು ಮಧ್ಯಾಹ್ನ ಸಂಡೂರಿಗೆ ಹೊರಟೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವ ಮುಂಚಿನ ದಿನಗಳು ಅವು, ರಸ್ತೆ ತುಂಬ ಅದಿರು ಲಾರಿಗಳ ಸಾಲು. ಏರಿನಲ್ಲಿ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡೆ. ಎದುರಿಗೆ ರಸ್ತೆ ಖಾಲಿ ಆಯಿತು, ಮೂರನೇ ಗೇರು, ಮುಳ್ಳು ಎರಡು ಸಾವಿರದ ಮೇಲೆ ಸ್ವಲ್ಪ. ಪೆಡಲ್ ಪೂರ್ತಿ ಒತ್ತಿದೆ. ಗಾಡಿ ಉಬ್ಬಸ ಬಂದ ಹಾಗೆ ಗುರ್ ಅಂದು ಅಲ್ಲೇ ನಿಂತಿತು. ಹಳೇ ಮ್ಯಾನಿಫೋಲ್ಡ್ ಇದ್ದಾಗ ಇದೇ ಏರಿನಲ್ಲಿ ಇದೇ ಗೇರಿನಲ್ಲಿ ಲಾರಿ ದಾಟಿದವನು ನಾನು. ಹೆಂಡತಿ ಮಕ್ಕಳು ಗಾಡಿಯಲ್ಲಿದ್ದರು. ಓವರ್‌ಟೇಕ್ ಅರ್ಧಕ್ಕೆ ಬಿಟ್ಟು ವಾಪಸ್ ಸಾಲಿಗೆ ಬಂದೆ. ಆ ರಾತ್ರಿಯೇ ಹಳೇದನ್ನು ಅಟ್ಟದಿಂದ ಇಳಿಸಿದೆ.

ಯಾಕೆ ಹೀಗಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ, ಯಾಕೆಂದರೆ ಎಲ್ಲರೂ ತುಂಗಭದ್ರಾ ಕಾಲುವೆ ನೋಡಿದ್ದಾರೆ. ಅಷ್ಟೇ ನೀರನ್ನು ಕಿರಿದಾದ ಕಾಲುವೆಗೆ ಬಿಟ್ಟರೆ ರಭಸವಾಗಿ ಓಡುತ್ತದೆ. ಅಗಲ ಕಾಲುವೆಗೆ ಬಿಟ್ಟರೆ ತೆವಳುತ್ತದೆ, ಹೂಳು ಕೂರುತ್ತದೆ. ರನ್ನರಿನಲ್ಲಿ ಗಾಳಿಯೂ ಹಾಗೇ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ. ಪೈಪು ದಪ್ಪ ಆದರೆ ಆ ಗಾಳಿಗೆ ವೇಗವೇ ಇರಲ್ಲ. ವೇಗ ಇದ್ದರೆ ಪಿಸ್ಟನ್ ಮೇಲಕ್ಕೆ ತಿರುಗಿದ ನಂತರವೂ ಗಾಳಿ ತನ್ನ ಓಟದಲ್ಲೇ ಒಳಗೆ ನುಗ್ಗುತ್ತಿರುತ್ತದೆ. ಇಲ್ಲದಿದ್ದರೆ ವಾಲ್ವ್ ಮುಚ್ಚುವ ಮುಂಚೆ ವಾಪಸ್ ಬರುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಇನ್ನೂ ಕಷ್ಟ. ಪೆಟ್ರೋಲ್ ಹನಿಗಳು ಹೂಳಿನ ಹಾಗೆ ಪೈಪಿನ ಗೋಡೆಗೆ ಕೂರುತ್ತವೆ. ಹಾಗಾಗಿ ಕಾರ್ಬುರೇಟರ್ ಗಾಡಿಗೆ ದೊಡ್ಡ ರನ್ನರ್ ಹಾಕುವಾಗ ಎಂಪಿಎಫ್‌ಐ (ವಾಲ್ವಿನ ಹತ್ತಿರವೇ ಪೆಟ್ರೋಲ್ ಚಿಮ್ಮಿಸುವ) ಗಾಡಿಗಿಂತ ಜಾಸ್ತಿ ಹುಷಾರಾಗಿರಬೇಕು.

ಉದ್ದದ ವಿಷಯ ಬೇರೆ. ತೂಬಿನ ಗೇಟನ್ನು ಥಟ್ಟನೆ ಇಳಿಸಿ ನೋಡಿ. ಓಡಿ ಬರುತ್ತಿದ್ದ ನೀರು ಗೇಟಿಗೆ ಬಡಿದು ಏಳುತ್ತದೆ, ಒಂದು ಅಲೆ ಹಿಂದಕ್ಕೆ ಹೋಗುತ್ತದೆ. ಇನ್‌ಟೇಕ್ ವಾಲ್ವ್ ಮುಚ್ಚಿದಾಗಲೂ ಹೀಗೇ ಒತ್ತಡದ ಅಲೆ ರನ್ನರಿನಲ್ಲಿ ಹಿಂದಕ್ಕೆ ಓಡಿ, ಎಲ್ಲಾ ರನ್ನರ್ ಸೇರುವ ಡಬ್ಬಿಯಾದ ಪ್ಲೀನಮ್‌ಗೆ ಹೋಗಿ, ತಿರುಗಿ ಬರುತ್ತದೆ. ಸದ್ದಿನ ವೇಗದಲ್ಲಿ ಓಡುತ್ತದೆ, ನಮ್ಮ 40 ಡಿಗ್ರಿ ಬಿಸಿಲಲ್ಲಿ ಸೆಕೆಂಡಿಗೆ ಸುಮಾರು 355 ಮೀಟರ್. ಮುಂದಿನ ಸಲ ವಾಲ್ವ್ ತೆರೆದಿರುವಾಗ ಸರಿಯಾಗಿ ಬಂದು ತಲುಪಿದರೆ ಒಂದಿಷ್ಟು ಗಾಳಿ ಹೆಚ್ಚಿಗೆ ಒಳಗೆ ತಳ್ಳುತ್ತದೆ. ಪುಕ್ಕಟೆ ಸಿಗುವ ಶಕ್ತಿ ಅದು. ಎಂಜಿನ್ ನಿಧಾನ ತಿರುಗುವಾಗ ಅಲೆಗೆ ಸಮಯ ಜಾಸ್ತಿ, ಹಾಗಾಗಿ ದಾರಿ ಉದ್ದ ಬೇಕು. ಬೇಗ ತಿರುಗುವಾಗ ಗಿಡ್ಡ ಸಾಕು.

ಇದು ಬರೀ ಪುಸ್ತಕದ ಮಾತಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ 300ಎಫ್ ಕಾರಿಗೆ 30 ಇಂಚು ಉದ್ದದ ರನ್ನರ್ ಹಾಕಿತ್ತು. ಟಾರ್ಕು, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 2,800 ಆರ್‌ಪಿಎಂಗೇ ತುದಿ ಮುಟ್ಟುತ್ತಿತ್ತು. ಅದೇ ಎಂಜಿನ್ನನ್ನು 15 ಇಂಚಿನ ರನ್ನರಿಗೆ ಹೊಂದಿಸಿ ಮಾಡಿದಾಗ ಟಾರ್ಕಿನ ತುದಿ 3,600ಕ್ಕೆ ಹೋಯಿತು. ಪವರ್ 375ರಿಂದ 400 ಹಾರ್ಸ್‌ಪವರಿಗೆ ಏರಿತು, ಟಾರ್ಕು ಕಡಿಮೆ ಆಯಿತು. ಕೊಟ್ಟು ತಗೊಳ್ಳುವ ವ್ಯವಹಾರ. ಎರಡೂ ಕೈಗೆ ಸಿಗಲ್ಲ.

ಅಳತೆ ತೆಗೆಯುವುದು

ಹೋದ ವರ್ಷ ಸಿರುಗುಪ್ಪದ ಹುಡುಗನೊಬ್ಬ ಹಳೇ ಹೋಂಡಾ ಸಿಟಿ 1.5 ವಿಟೆಕ್ ತಂದ. 106 ಬಿಎಚ್‌ಪಿಯ ಆ ಎಂಜಿನ್ ಇವತ್ತಿಗೂ ನನಗೆ ಬಹಳ ಇಷ್ಟ. ಹಿಂದಿನ ಸೀಟಿನಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಹೊಸ ಮ್ಯಾನಿಫೋಲ್ಡ್ ಇತ್ತು. ಕನ್ನಡಿ ಹಾಗೆ ಹೊಳೆಯುತ್ತಿತ್ತು.

"ಅಣ್ಣಾ, ಇದನ್ನ ಹಾಕಿಕೊಡ್ರಿ. ಸಂಜೆ ಒಳಗೆ ಆಗ್ತದಲ್ರಿ?"

"ಹಾಕೋದು ದೊಡ್ಡದಲ್ಲಪ್ಪಾ. ಮೊದಲು ಅಳೆಯೋಣ ಬಾ."

ನಾವು ಮಾಡಿದ್ದನ್ನು ಹಾಗೇ ಹೇಳುತ್ತೇನೆ, ನೀವೂ ಮನೆಯಲ್ಲಿ ಮಾಡಬಹುದು. ಸೈಕಲ್ ಬ್ರೇಕಿನ ಹಳೇ ಕೇಬಲ್ ಒಂದನ್ನು ರನ್ನರ್ ಒಳಗೆ ತೂರಿಸಿ. ಪೈಪಿನ ನಡುಮಧ್ಯದಲ್ಲಿ ಹೋಗುವ ಹಾಗೆ ನೋಡಿಕೊಳ್ಳಿ, ಒಳಗೋಡೆಗೆ ಒತ್ತಿಕೊಂಡರೆ ಅಳತೆ ಕಡಿಮೆ ಬರುತ್ತದೆ. ಎರಡೂ ತುದಿಗೆ ಟೇಪ್ ಸುತ್ತಿ ಗುರುತು ಮಾಡಿ, ಹೊರಗೆ ತೆಗೆದು ಸ್ಕೇಲಿಗೆ ಹಿಡಿಯಿರಿ. 18 ಸೆಂಟಿಮೀಟರ್ ಬಂತು. ಇದಕ್ಕೆ ಸಿಲಿಂಡರ್ ಹೆಡ್ ಒಳಗಿನ ಪೋರ್ಟಿನ, ಅಂದರೆ ವಾಲ್ವ್ ತನಕದ ದಾರಿಯ ಉದ್ದವನ್ನೂ ಸೇರಿಸಬೇಕು. ಬಹಳ ಜನ ಮರೆಯುವುದು ಇದನ್ನೇ. ಅಲೆ ಓಡುವುದು ವಾಲ್ವಿನಿಂದ ಪ್ಲೀನಮ್ ತನಕ, ಫ್ಲೇಂಜಿನಿಂದ (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬೋಲ್ಟ್ ಮಾಡುವ ಚಪ್ಪಟೆ ಮುಖ) ಅಲ್ಲ. ಪೋರ್ಟು 8 ಅಂತ ಹಿಡಿದು ಒಟ್ಟು 26 ಸೆಂಟಿಮೀಟರ್.

ಗ್ಯಾರೇಜುಗಳಲ್ಲಿ ಓಡಾಡುವ ಒಂದು ಕೈಲೆಕ್ಕ ಇದೆ. 10,000 ಆರ್‌ಪಿಎಂಗೆ 17.8 ಸೆಂಟಿಮೀಟರ್ ಅಂತ ಶುರು ಮಾಡಿ, ಟಾರ್ಕಿನ ತುದಿ ಒಂದೊಂದು ಸಾವಿರ ಕೆಳಗೆ ಬೇಕು ಅಂದಾಗಲೂ 4.3 ಸೆಂಟಿಮೀಟರ್ ಕೂಡಿಸುತ್ತಾ ಹೋಗಿ. ಅಂದಾಜಿನ ಲೆಕ್ಕವೇ, ವಾಲ್ವ್ ತೆರೆಯುವ ಕ್ಯಾಮ್ ಬದಲಾದರೆ ಅದೂ ಆಚೀಚೆ ಆಗುತ್ತದೆ. ಆದರೆ ದಿಕ್ಕು ತೋರಿಸುತ್ತದೆ. 4,500ಕ್ಕೆ ಬೇಕಾದರೆ 41 ಸೆಂಟಿಮೀಟರ್ ಚಿಲ್ಲರೆ. 6,000ಕ್ಕೆ 35. ನಮ್ಮ 26 ಎಲ್ಲಿಗೆ ಬರುತ್ತದೆ? ಎಂಟು ಸಾವಿರದ ಮೇಲೆ. ಆ ಹೋಂಡಾದ ಪವರ್ ತುದಿ ಮುಟ್ಟುವುದೇ 6,800ಕ್ಕೆ.

ಇನ್ನು ದಪ್ಪ. ರನ್ನರಿನ ಒಂದು ಬಾಯಿಗೆ ಗಾಜಿನ ತುಂಡು ಇಟ್ಟು ಸುತ್ತ ಗ್ರೀಸ್ ಮೆತ್ತಿ, ನೆಟ್ಟಗೆ ನಿಲ್ಲಿಸಿ. ದೊಡ್ಡ ಸಿರಿಂಜಿನಿಂದ ಅಳೆದು ಅಳೆದು ನೀರು ತುಂಬಿ. 250 ಮಿಲಿ ಹಿಡಿಯಿತು. 250ನ್ನು 18ರಿಂದ ಭಾಗಿಸಿದರೆ ಸರಾಸರಿ 13.9 ಚದರ ಸೆಂಟಿಮೀಟರ್. ಅಂದರೆ 42 ಮಿಲಿಮೀಟರ್ ಪೈಪು. ಹುಡುಗ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಭಾಗಾಕಾರ ಮಾಡುತ್ತಿದ್ದ. ನಾಲ್ಕೂ ರನ್ನರ್ ಅಳೆದೆವು. ಒಂದರಲ್ಲಿ ಹತ್ತು ಮಿಲಿ ಕಡಿಮೆ ಬಂತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ವೆಲ್ಡಿಂಗಿನ ಗಂಟು ಉದ್ದಕ್ಕೂ ಎದ್ದು ನಿಂತಿತ್ತು. ಹೊರಗಿನ ಹೊಳಪಿಗೆ ಮರುಳಾಗಬೇಡಿ, ಯಾವಾಗಲೂ ಒಳಗೆ ಟಾರ್ಚ್ ಹಾಕಿ.

ಒಂದು ಮಾತು ತಲೆಯಲ್ಲಿ ಇರಲಿ. 36 ಮಿಲಿಮೀಟರಿನಿಂದ 42 ಅಂದರೆ ಕಣ್ಣಿಗೆ ಆರು ಮಿಲಿಮೀಟರ್ ಅಷ್ಟೇ. ಬಾಯಿಯ ವಿಸ್ತೀರ್ಣ ನೋಡಿದರೆ 36 ಪರ್ಸೆಂಟ್ ಜಾಸ್ತಿ. ನನ್ನ ಎಸ್ಟೀಮಿನದೇ ಲೆಕ್ಕ ಹೇಳುತ್ತೇನೆ. ಬೋರು (ಸಿಲಿಂಡರಿನ ಅಗಲ) 74, ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5 ಮಿಲಿಮೀಟರ್. 2,500 ಆರ್‌ಪಿಎಂನಲ್ಲಿ 36ರ ಪೈಪಿನಲ್ಲಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 26 ಮೀಟರ್ ಚಿಲ್ಲರೆ. 42ರಲ್ಲಿ 20 ಕೂಡ ಇಲ್ಲ. ಸಂಡೂರಿನ ಏರಿನಲ್ಲಿ ನಾನು ಕಳಕೊಂಡದ್ದು ಇದೇ. ಲೆಕ್ಕ ಮಾಡುವುದು ಹೀಗೆ: ಸ್ಟ್ರೋಕನ್ನು ಮೀಟರಿನಲ್ಲಿ ಹಿಡಿದು ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. ಪಿಸ್ಟನ್ ವೇಗ ಸಿಗುತ್ತದೆ. ಅದನ್ನು ಬೋರಿನ ವಿಸ್ತೀರ್ಣದಿಂದ ಗುಣಿಸಿ, ರನ್ನರಿನ ವಿಸ್ತೀರ್ಣದಿಂದ ಭಾಗಿಸಿ. ಹಳೇದಕ್ಕೂ ಹೊಸದಕ್ಕೂ ಮಾಡಿ, ನಿಮ್ಮ ಗೆರೆಗಳು ಜಾಸ್ತಿ ಬಿದ್ದಿರುವ ಆರ್‌ಪಿಎಂನಲ್ಲಿ ಹೋಲಿಸಿ.

ಇನ್ನು ಪ್ಲೀನಮ್ ಎಷ್ಟು ದೊಡ್ಡದಿರಬೇಕು. ಬಹಳ ಮಂದಿ ಹಿಡಿಯುವ ಅಂದಾಜು ಎಂಜಿನ್ ಸಿಸಿಯಷ್ಟು, ಇಲ್ಲ ಅದರ ಒಂದೂವರೆ ಪಟ್ಟು. ತೀರಾ ದೊಡ್ಡದಾದರೆ ಪೆಡಲ್ ಒತ್ತಿದ್ದಕ್ಕೆ ಗಾಡಿ ತಡವಾಗಿ ಉತ್ತರ ಕೊಡುತ್ತದೆ. ಊರೊಳಗೆ ಓಡಿಸುವವರಿಗೆ ಅದು ಬೇಸರ.

ನಮ್ಮ ಬಿಸಿಲು, ನಮ್ಮ ಧೂಳು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಗಾಡಿ ಇಟ್ಟವರಿಗೆ ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ಗಾಳಿ 10 ಡಿಗ್ರಿ ಬಿಸಿ ಆದರೆ ಅದರ ಸಾಂದ್ರತೆ ಸುಮಾರು 3 ಪರ್ಸೆಂಟ್ ಇಳಿಯುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಇದ್ದು, ಬಾನೆಟ್ ಒಳಗಿನ 70 ಡಿಗ್ರಿ ಗಾಳಿಯನ್ನು ಎಂಜಿನ್ ಕುಡಿದರೆ ಅಲ್ಲೇ 8 ಪರ್ಸೆಂಟ್ ಹೋಯಿತು. ರಸ್ತೆ ಗಾಡಿಯಲ್ಲಿ ಮ್ಯಾನಿಫೋಲ್ಡ್ ಒಂದನ್ನೇ ಬದಲಿಸಿ ಇಷ್ಟನ್ನು ವಾಪಸ್ ತರುವುದು ಸುಲಭ ಅಲ್ಲ. ಹಾಗಾಗಿ ಮೊದಲು ಹೊರಗಿನ ತಣ್ಣನೆ ಗಾಳಿ ಫಿಲ್ಟರಿಗೆ ಹೋಗುವ ಹಾಗೆ ಡಕ್ಟ್ ಮಾಡಿ. ಕಂಪನಿ ಕೊಟ್ಟ ಮೂತಿ ಎಷ್ಟೋ ಗಾಡಿಗಳಲ್ಲಿ ಬಂಪರ್ ಕೆಲಸದಲ್ಲಿ ಮುರಿದು ಹೋಗಿರುತ್ತದೆ, ಯಾರೂ ವಾಪಸ್ ಹಾಕಿರಲ್ಲ. ಅದನ್ನೊಂದು ನೋಡಿ.

ಇದೇ ಕಾರಣಕ್ಕೆ ನನಗೆ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಮೇಲೆ ಗೌರವ ಇದೆ. ಎಂಜಿನ್ನಿನ ಬಿಸಿಯನ್ನು ಅದು ಅಷ್ಟು ಬೇಗ ಎಳಕೊಳ್ಳಲ್ಲ, ಒಳಗೆ ನುಣುಪಾಗಿಯೂ ಇರುತ್ತದೆ. ಹುಡುಗರು ಅದನ್ನು ಅಗ್ಗದ ಮಾಲು ಅಂತ ಬಿಸಾಡಿ ಹೊಳೆಯುವ ಅಲ್ಯೂಮಿನಿಯಂ ಹಾಕುತ್ತಾರೆ. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತ ಮೇಲೆ ಆ ಅಲ್ಯೂಮಿನಿಯಂ ಮೇಲೆ ಕೈ ಇಡಲು ಆಗಲ್ಲ. ಅಲ್ಯೂಮಿನಿಯಮ್ಮೇ ಬೇಕು ಅಂದರೆ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಬಿಸಿ ತಡೆಯುವ ದಪ್ಪ ಸ್ಪೇಸರ್ ಸಿಗುತ್ತದಾ ಕೇಳಿ.

ಧೂಳಿನದು ಇನ್ನೊಂದು. ಹೊಸ ಮ್ಯಾನಿಫೋಲ್ಡ್ ಜೊತೆ ತೆರೆದ ಕೋನ್ ಫಿಲ್ಟರ್ ಕೊಡುವುದು ವಾಡಿಕೆ. ತೋರಣಗಲ್ಲು, ಸಂಡೂರು ಕಡೆ ಓಡಾಡುವವರು ಅದನ್ನು ಹಾಕಿದ ಒಂದು ತಿಂಗಳ ಮೇಲೆ ಪೈಪು ಬಿಚ್ಚಿ, ಥ್ರಾಟಲ್ (ಪೆಡಲ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಂದೆ ಬಿಳೀ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಕೆಂಪಾಯಿತೋ, ಆ ಫಿಲ್ಟರ್ ಅದಿರಿನ ಪುಡಿ ಒಳಗೆ ಬಿಡುತ್ತಿದೆ ಅಂತ ಅರ್ಥ. ಆ ಪುಡಿ ಬೋರು, ರಿಂಗು ಎರಡನ್ನೂ ಉಜ್ಜುತ್ತದೆ. ಕಂಪನಿಯ ಮುಚ್ಚಿದ ಫಿಲ್ಟರ್ ಡಬ್ಬಿ ಉಳಿಸಿಕೊಳ್ಳುವ ಹಾಗಿರುವ ಮ್ಯಾನಿಫೋಲ್ಡನ್ನೇ ಆರಿಸಿ ಅಂತ ನಾನು ಹೇಳುತ್ತೇನೆ.

ತೂತುಗಳನ್ನು ಎಣಿಸಿ

ಹಳೇದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಮೂತಿ ಎಣಿಸಿ. ವ್ಯಾಕ್ಯೂಮ್‌ನಿಂದ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿನ ಪೈಪು, ಕ್ರ್ಯಾಂಕ್‌ಕೇಸ್ ಹೊಗೆಯ ಪಿಸಿವಿ ಪೈಪು, ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಐಡಲ್ ವಾಲ್ವ್, ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್, ಪೆಟ್ರೋಲ್ ಟ್ಯಾಂಕಿನ ಆವಿಯ ಪೈಪು. ಒಂದಕ್ಕೆ ಜಾಗ ಇಲ್ಲದಿದ್ದರೂ ಆ ಮ್ಯಾನಿಫೋಲ್ಡ್ ರಸ್ತೆಗೆ ಅಲ್ಲ. ನಾಲ್ಕು ಸಿಲಿಂಡರಿಗೆ ನಾಲ್ಕು ಪ್ರತ್ಯೇಕ ಥ್ರಾಟಲ್ ಹಾಕುವವರು ಇದನ್ನು ಎರಡು ಸಲ ಓದಿ. ಅದರ ಸದ್ದಿಗೆ, ಅದು ಪೆಡಲಿಗೆ ಉತ್ತರ ಕೊಡುವ ರೀತಿಗೆ ಸಾಟಿ ಇಲ್ಲ. ಆದರೆ ವ್ಯಾಕ್ಯೂಮ್ ಕಮ್ಮಿ, ಅದೂ ನಡುಗುತ್ತಿರುತ್ತದೆ. ನಾಲ್ಕೂ ರನ್ನರಿನಿಂದ ಸಣ್ಣ ಪೈಪು ತೆಗೆದು ಒಂದು ಪುಟ್ಟ ಡಬ್ಬಿಗೆ ಸೇರಿಸಿ, ಬೂಸ್ಟರಿಗೆ ಅಲ್ಲಿಂದ ಕೊಡಬೇಕು. ಹಾಗೆ ಮಾಡದೆ ಓಡಿಸಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಉದ್ದ ಗಿಡ್ಡ ಎರಡೂ ದಾರಿ ಇರುವ, ಒಳಗೆ ಚಿಟ್ಟೆ ವಾಲ್ವ್ ತಿರುಗುವ ಮ್ಯಾನಿಫೋಲ್ಡ್ ನಿಮ್ಮ ಗಾಡಿಗೆ ಕಂಪನಿಯಿಂದಲೇ ಬಂದಿದ್ದರೆ ದಯವಿಟ್ಟು ಅದನ್ನು ಬಿಚ್ಚಬೇಡಿ. ಎರಡೂ ಲೋಕ ಒಂದರಲ್ಲೇ ಇದೆ. ಟರ್ಬೊ ಗಾಡಿಯವರಿಗೆ ಉದ್ದದ ಚಿಂತೆ ಕಮ್ಮಿ, ನಾಲ್ಕೂ ಸಿಲಿಂಡರಿಗೆ ಗಾಳಿ ಸಮ ಹಂಚುತ್ತದಾ ಅನ್ನುವುದು ಮುಖ್ಯ. ಹಳೇ ಅಮೆರಿಕನ್ ವಿ8 ಯಾರ ಹತ್ತಿರವಾದರೂ ಇದ್ದರೆ, ರಸ್ತೆಗೆ ಡ್ಯುಯಲ್ ಪ್ಲೇನ್ (ರನ್ನರುಗಳನ್ನು ಎರಡು ಗುಂಪು ಮಾಡಿದ) ಮ್ಯಾನಿಫೋಲ್ಡ್. ಸಿಂಗಲ್ ಪ್ಲೇನ್ (ಎಲ್ಲಕ್ಕೂ ಒಂದೇ ಡಬ್ಬಿ) ಟ್ರ್ಯಾಕಿಗೆ.

ಜಾಗ ಸಾಲುತ್ತದಾ ನೋಡುವುದಕ್ಕೆ ಚಪಾತಿ ಹಿಟ್ಟು ಸಾಕು. ಮ್ಯಾನಿಫೋಲ್ಡ್ ಕೂರಿಸಿ, ಎತ್ತರದ ಜಾಗಗಳ ಮೇಲೆ ಹಿಟ್ಟಿನ ಉಂಡೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯಿರಿ. ಅಪ್ಪಚ್ಚಿಯಾದ ಹಿಟ್ಟು ಒಂದೂವರೆ ಸೆಂಟಿಮೀಟರಿಗಿಂತ ತೆಳು ಆಗಿದ್ದರೆ ಬೇಡ. ಪೆಡಲ್ ಒತ್ತಿದಾಗ ಎಂಜಿನ್ ಮೌಂಟಿನ ಮೇಲೆ ಅಲುಗುತ್ತದೆ, ಬಡಿಯುತ್ತದೆ.

ಫ್ಲೇಂಜಿಗೆ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. 0.1 ಮಿಲಿಮೀಟರ್ ಬ್ಲೇಡು ಒಳಗೆ ಹೋದರೆ ಲೇತಿನವರ ಹತ್ತಿರ ಮುಖ ಸಮ ಮಾಡಿಸಿ. ನನ್ನ ಎಸ್ಟೀಮಿನದು ವೆಲ್ಡಿಂಗ್ ಬಿಸಿಗೆ ಬಾಗಿತ್ತು, ನಾಲ್ಕನೇ ಸಿಲಿಂಡರಿನ ಹತ್ತಿರ ಗಾಳಿ ಎಳೆಯುತ್ತಿತ್ತು. ಅದನ್ನು ಬಿಚ್ಚಿದಾಗ ಆ ಒಂದು ಪ್ಲಗ್ಗು ಮಾತ್ರ ಬೆಳ್ಳಗೆ ಸುಟ್ಟಿತ್ತು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಹೆಡ್ಡು ಅಲ್ಯೂಮಿನಿಯಂ, ಜಾಸ್ತಿ ಬಿಗಿದರೆ ಮರೆ ಕಿತ್ತುಹೋಗುತ್ತದೆ, ಮರೆಯಬೇಡಿ.

ಹಾಕಿದ ಮೇಲೆ ಇಸಿಯು ಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನಲ್ಲಿರುವ ಪೆಟ್ರೋಲ್ ಲೆಕ್ಕದ ಪಟ್ಟಿ, ಸರಿ ಮಾಡಿಸಲೇಬೇಕು. ಮ್ಯಾಪ್ ಸೆನ್ಸರಿನಿಂದ ಲೆಕ್ಕ ಹಾಕುವ ಗಾಡಿಗೆ ಗಾಳಿ ಬದಲಾದದ್ದು ಪೂರ್ತಿ ಗೊತ್ತಾಗಲ್ಲ. ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವುದು) ಹಾಕಿ ನೋಡದೆ ಹೈವೇಗೆ ಒಯ್ಯಬೇಡಿ, ಪೆಟ್ರೋಲ್ ಕಮ್ಮಿ ಆದರೆ ಪಿಸ್ಟನ್ನೇ ಹೋಗುತ್ತದೆ. ಮ್ಯಾನಿಫೋಲ್ಡಿನ ಬಜೆಟ್ ಹಾಕುವಾಗಲೇ ಈ ಖರ್ಚು ಸೇರಿಸಿ. ಹೊಗೆ ತಪಾಸಣೆ (ಪಿಯುಸಿ) ಪಾಸಾಗುತ್ತದಾ ಅಂತಲೂ ಆಗಲೇ ನೋಡಿ. ಕಂಪನಿಯ ಸ್ಪೆಸಿಫಿಕೇಶನ್ ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ.

ಸಿರುಗುಪ್ಪದ ಹುಡುಗ ಗೆರೆ ಲೆಕ್ಕ ಮಾಡಿಕೊಂಡು ಭಾನುವಾರ ವಾಪಸ್ ಬಂದ. ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ, ಕೂತು ತಿನ್ನುತ್ತಾ ನೋಟ್‌ಬುಕ್ ತೆರೆದೆವು. ನಾಲ್ಕು ಸಾವಿರದ ಕೆಳಗೇ ಎಲ್ಲಾ. ಹೊಳೆಯುವುದನ್ನು ಅವನು ಮಾರಿದ. ಕಂಪನಿಯ ಮ್ಯಾನಿಫೋಲ್ಡನ್ನೇ ಬಿಚ್ಚಿ ಒಳಗಿನ ಮಸಿ ತೊಳೆದು, ಗ್ಯಾಸ್ಕೆಟ್ ಇಟ್ಟು ಗೆರೆ ಎಳೆದು, ಪೋರ್ಟಿನ ಅಂಚು ಹೆಡ್ಡಿಗೆ ಸರಿಯಾಗಿ ಕೂಡುವ ಹಾಗೆ ಉಜ್ಜಿದೆವು. ಬಂಪರ್ ಪಕ್ಕದಿಂದ ತಣ್ಣನೆ ಗಾಳಿಯ ಪೈಪು ಎಳೆದೆವು.

ಕೆಲಸಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಸ್ಟಾಪ್‌ವಾಚ್ ಹಿಡಿಯಬೇಕು. ನಾವು ಸಿರುಗುಪ್ಪ ರಸ್ತೆಯಲ್ಲಿ ಒಂದು ನೇರ ಜಾಗ ಆರಿಸಿಕೊಂಡೆವು, ಬೆಳಿಗ್ಗೆ ಆರು ಗಂಟೆ, ರಸ್ತೆ ಖಾಲಿ. ನಾಲ್ಕನೇ ಗೇರಿನಲ್ಲಿ 40ರಿಂದ 80, ಪಕ್ಕದಲ್ಲಿ ಕೂತವರು ಸಮಯ ಹಿಡಿಯಬೇಕು. ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ, ಆರರ ಸರಾಸರಿ. ಎರಡೂ ದಿನ ಅದೇ ಹೊತ್ತು, ಅದೇ ಟೈರ್ ಗಾಳಿ, ಅದೇ ಅರ್ಧ ಟ್ಯಾಂಕ್ ಪೆಟ್ರೋಲು ಇರಲಿ. 500 ಕಿಲೋಮೀಟರ್ ಆದ ಮೇಲೆ ಎಂಜಿನ್ ತಣ್ಣಗಿರುವಾಗ ಬೋಲ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ, ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕರ ಬಣ್ಣವೂ ಒಂದೇ ಇದೆಯಾ ನೋಡಿ.